ನಿವೇಶನ ಕೊಳ್ಳುವ ಮುನ್ನ ನಕಾಶೆ ನೋಡಿ

ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣವಿರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಅಂಗಳ. ಈ ಕೆರೆಗಳ ಪೂರ್ಣ ವಿಸ್ತಾರ ಕಾಣಬೇಕಾದರೆ ಹಳೆಯ ನಕಾಶೆಗಳೇ ಬೇಕು.

ಕೆರೆ ಮುಚ್ಚಿದರೂ ಸುತ್ತಲಿನ ಇಳಿಜಾರು ಬದಲಾಗುವುದಿಲ್ಲ. ಗುರುತ್ವಾಕರ್ಷಣೆಯಿಂದ ಮಳೆನೀರು ತಗ್ಗಿಗೇ ಹರಿಯುತ್ತದೆ. ಬಡಾವಣೆಯ ಹೊಸ ನಕ್ಷೆಯೊಂದನ್ನೇ ನಂಬಿ ಜೀವಮಾನದ ಉಳಿತಾಯ ಸುರಿದವರ ಮನೆಗೂ ಆ ನೀರು ನುಗ್ಗಬಹುದು.

ಪರೀಕ್ಷಿಸುವುದು ಹೇಗೆ? ಪತ್ರಗಳಿಂದ ಸರ್ವೆ ನಂಬರ್ ಬರೆದುಕೊಂಡು ಗ್ರಾಮ ನಕಾಶೆಯಲ್ಲಿ ಹುಡುಕಿ. ಅಲ್ಲಿ ಕೆರೆ, ಹಳ್ಳ, ರಾಜಕಾಲುವೆ ಇವೆಯೇ ನೋಡಿ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕಾಶೆಯಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ.; ಅದರ ಕಂದು ಸಮೋನ್ನತಿ ರೇಖೆಗಳು ನೆಲದ ಏರಿಳಿತ ತಿಳಿಸುತ್ತವೆ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುತ್ತದೆ.

ಆದರೆ ನಕಾಶೆ ಒಡೆತನವನ್ನು ಹೇಳದು. ಅದಕ್ಕೆ ಕ್ರಯಪತ್ರ, ಖಾತೆ, ಋಣಭಾರ ಪತ್ರಗಳನ್ನು ಪರಿಶೀಲಿಸಲೇಬೇಕು.

ವಿದ್ಯಾರ್ಥಿಗಳೇ, ನಿಮ್ಮೂರಿನ ಹಳೆಯ, ಹೊಸ ನಕಾಶೆಗಳನ್ನು ಒಂದೇ ಪ್ರಮಾಣಕ್ಕೆ ತನ್ನಿ. ಹಳೆಯದರ ಕೆರೆ, ಕಾಲುವೆಗಳನ್ನು ತೆಳುಕಾಗದದ ಮೇಲೆ ತೆಗೆದು ಹೊಸದರ ಮೇಲಿಡಿ. ನಿಮ್ಮ ಶಾಲೆ ಎಲ್ಲಿ ಬೀಳುತ್ತದೆ?