ಮುಪ್ಪಿನ ನಂಟಿಗೆ ಬಸ್ಸೂ ಬೇಕು

ಹಿರಿಯರ ಆರೋಗ್ಯ ಎಂದೊಡನೆ ಸರ್ಕಾರಗಳಿಗೆ ನೆನಪಾಗುವುದು ಪಿಂಚಣಿ, ಬಿಪಿ-ಶುಗರ್ ಮಾತ್ರೆ, ಕನ್ನಡಕ. ಅವರನ್ನು ಮಾತಾಡಿಸುವುದು ಮನೆಯವರಿಗೆ ಬಿಟ್ಟ ವಿಷಯವಾಗಿಯೇ ಉಳಿದಿದೆ. ಆದರೆ ಒಡನಾಟವೂ ಆಯುಸ್ಸಿನ ಪ್ರಶ್ನೆ.

ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯ 6,928 ವಯಸ್ಕರನ್ನು ಒಂಬತ್ತು ವರ್ಷ ಗಮನಿಸಿದ ಅಧ್ಯಯನವೊಂದನ್ನು ಲೀಸಾ ಬರ್ಕ್‌ಮನ್ ಮತ್ತು ಲೆನರ್ಡ್ ಸೈಮ್ 1979ರಲ್ಲಿ ಪ್ರಕಟಿಸಿದರು. ಸಂಗಾತಿ, ನೆಂಟರು, ಗೆಳೆಯರು, ಸಂಘ-ಸಂಸ್ಥೆಗಳ ನಂಟು ಇಲ್ಲದವರೇ ಆ ಅವಧಿಯಲ್ಲಿ ಹೆಚ್ಚು ತೀರಿಕೊಂಡಿದ್ದರು. ಸಿಗರೇಟು, ಕುಡಿತ, ಬೊಜ್ಜಿನ ಲೆಕ್ಕ ಹಿಡಿದ ಮೇಲೂ ಈ ವ್ಯತ್ಯಾಸ ಅಳಿಯಲಿಲ್ಲ. 2010ರಲ್ಲಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ತಂಡ 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಫಲಿತಾಂಶ ಅದೇ ದಿಕ್ಕಿನಲ್ಲಿತ್ತು.

ನಂಟು ಉಳಿಯಬೇಕಾದರೆ ಹೋಗಿಬರಲು ಆಗಬೇಕು. ಮಂಡಿನೋವು, ಕೈಯಲ್ಲಿ ಕಾಸಿಲ್ಲದಿರುವುದು, ಮಕ್ಕಳ ಬಳಿ ಬಸ್‌ಚಾರ್ಜು ಕೇಳುವ ಸಂಕೋಚ: ಇವೆಲ್ಲ ಸೇರಿ ಹಿರಿಯರನ್ನು ಜಗುಲಿಗೆ ಕಟ್ಟಿಹಾಕುತ್ತವೆ.

ಇಂಗ್ಲೆಂಡ್ 2006ರಲ್ಲಿ ಹಿರಿಯರಿಗೆ ಸ್ಥಳೀಯ ಬಸ್‌ ಪ್ರಯಾಣ ಉಚಿತ ಮಾಡಿತು. 2008ರಲ್ಲಿ ಆ ಪಾಸ್‌ ದೇಶದುದ್ದಕ್ಕೂ ಸಲ್ಲುವಂತಾಯಿತು. ಓಡಾಟದಿಂದ ಆರೋಗ್ಯ ಎಂದರೆ, ಗಟ್ಟಿಮುಟ್ಟಾಗಿರುವವರೇ ಹೆಚ್ಚು ತಿರುಗಾಡುತ್ತಾರೆ ಎಂಬ ಆಕ್ಷೇಪ ಸಹಜ. ಹಾಗಾಗಿ ಸಂಶೋಧಕರು ಪಾಸ್‌ ಸಿಗುವ ಅರ್ಹತೆಯನ್ನೇ ಆಧಾರವಾಗಿಟ್ಟುಕೊಂಡು ಅದರ ಪರಿಣಾಮವನ್ನು ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಬಸ್‌ ಬಳಕೆ ಹೆಚ್ಚಿತ್ತು, ಖಿನ್ನತೆಯ ಲಕ್ಷಣಗಳೂ ಒಂಟಿತನವೂ ತಗ್ಗಿದ್ದವು, ಮಕ್ಕಳು ಮತ್ತು ಗೆಳೆಯರ ಭೇಟಿ ಹೆಚ್ಚಿತ್ತು. ಸಾರಿಗೆ ಇಲಾಖೆಯ ಒಂದು ತೀರ್ಮಾನ ವೈದ್ಯರ ಕೆಲಸ ಮಾಡಿತ್ತು!

ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಜಾರಿಯಲ್ಲಿರುವ, ಹೆಂಗಸರಿಗೆ ಬಸ್‌ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಅಜ್ಜಿಯೊಬ್ಬರು ತವರಿಗೋ ಮಗಳ ಮನೆಗೋ ಜಾತ್ರೆಗೋ ಯಾರನ್ನೂ ಕೇಳದೆ ಹೊರಡುವುದನ್ನು ದುಂದು ಎಂದು ಹಂಗಿಸುವವರಿದ್ದಾರೆ. ಅದು ದುಂದಲ್ಲ, ಆರೋಗ್ಯದ ಖರ್ಚು. ಆದರೆ ಅಜ್ಜಂದಿರಿಗೆ ಈ ಅನುಕೂಲವಿಲ್ಲ. ಟಿಕೆಟ್ಟಿನಲ್ಲಿ ರಿಯಾಯಿತಿಯಷ್ಟೇ ಇದೆ. ನೆಂಟರಿಷ್ಟರ ಬಳಕೆಯನ್ನೆಲ್ಲ ಹೆಂಡತಿಯೇ ನೋಡಿಕೊಳ್ಳುತ್ತಿದ್ದ ಮನೆಗಳಲ್ಲಿ, ಆಕೆ ತೀರಿಕೊಂಡ ಮೇಲೆ ಗಂಡ ಎಷ್ಟು ಬೇಗ ಒಂಟಿಯಾಗುತ್ತಾನೆಂಬುದು ಊರವರಿಗೆಲ್ಲ ಗೊತ್ತು.

ಅರವತ್ತು ದಾಟಿದ ಗಂಡಸರಿಗೂ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಡಬೇಕು. ಹಳ್ಳಿಗಳ ಮಧ್ಯಾಹ್ನದ ಟ್ರಿಪ್ಪುಗಳನ್ನು ಕಲೆಕ್ಷನ್ ಸಾಲದೆಂದು ನಿಲ್ಲಿಸಬಾರದು. ಹಿರಿಯರು ನೂಕುನುಗ್ಗಲಿಲ್ಲದೆ ಹತ್ತಬಲ್ಲ ಬಸ್ಸುಗಳು ಅವೇ. ಮೆಟ್ಟಿಲು ತಗ್ಗಿರಲಿ, ನಿಲ್ದಾಣದಲ್ಲಿ ಕೂರಲು ಕಲ್ಲುಬೆಂಚು, ಬಳಸಬಲ್ಲ ಶೌಚಾಲಯ ಇರಲಿ. ಮುಂದಿನ ಬಜೆಟ್ಟಿನಲ್ಲಿ ಮುಖ್ಯಮಂತ್ರಿಗಳು ಇದಕ್ಕೆ ಹಣ ತೆಗೆದಿಡಲಿ.