ಚಿತ್ರದಲ್ಲಿ ಕಾಣದ ಭೇದ

ಶ್ರಾವಣದ ಪುರಾಣ ಮುಗಿದ ರಾತ್ರಿ ಹಿರೇವಡ್ಡಟ್ಟಿಯ ಪರಿಚಿತರ ಮನೆಯಲ್ಲಿ ಪ್ರಸಾದಕ್ಕೆ ಕುಳಿತಿದ್ದೆವು. ಆ ಮನೆಯ ನಾಲ್ಕು ವರ್ಷದ ಬಾಲಕ ಪಡಸಾಲೆಯ ಮೂಲೆಯಲ್ಲಿ ಒಂದು ತಾಟನ್ನು ಗರಗರನೆ ತಿರುಗಿಸುತ್ತ ಅದರಲ್ಲಿಯೇ ಮಗ್ನನಾಗಿದ್ದ. ಹೆಸರು ಹಿಡಿದು ಕರೆದರೆ ತಿರುಗಿ ನೋಡಲಿಲ್ಲ. ಹೊರಗೆ ಬಸ್ಸಿನ ಹಾರ್ನ್ ಕೇಳಿದೊಡನೆ ಎರಡೂ ಕಿವಿ ಮುಚ್ಚಿಕೊಂಡ. ಮಾತು ಇನ್ನೂ ಬಂದಿಲ್ಲ. ವೈದ್ಯರು ಇದನ್ನು ಆಟಿಸಂ, ಅಂದರೆ ಸ್ವಲೀನತೆ, ಎಂದು ಹೇಳಿ ಒಂದು ತಿಂಗಳಾಗಿತ್ತು.

ಅವನ ತಾಯಿ ಒಳಗಿನಿಂದ ದೊಡ್ಡದೊಂದು ಲಕೋಟೆ ತಂದು ಮುಂದಿಟ್ಟಳು. “ಮೆದುಳಿಂದು ಎಂ.ಆರ್.ಐ. ತೆಗಿಸೀವ್ರಿ. ಎಲ್ಲಾ ನಾರ್ಮಲ್ ಅದ ಅಂತ ಬರದಾರ. ತಲಿಯೊಳಗ ಏನೂ ಇಲ್ಲಂದ ಮ್ಯಾಲೆ ತಪ್ಪು ನಂದ ಅಂತಾರ್ರಿ ಮನ್ಯಾಗ.” ಅತ್ತೆಯವರು ಅಲ್ಲಿಯೇ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ತಲೆ ಎತ್ತಲಿಲ್ಲ.

ವಾಚಕರೇ, ಈ ಪ್ರಶ್ನೆ ಆ ಒಂದು ಮನೆಯದಲ್ಲ. ಗ್ರಹಣದಲ್ಲಿ ಹೊರಗೆ ಬಂದಳು, ಬಸುರಿಯಿದ್ದಾಗ ಅತ್ತಳು, ಮಗುವನ್ನು ಎತ್ತಿ ಆಡಿಸಲಿಲ್ಲ ಎಂದು ತಾಯಿಯ ತಲೆಗೇ ಕಟ್ಟುವ ರೂಢಿ ನಮ್ಮಲ್ಲುಂಟು. ಓದಿದವರ ನಾಡುಗಳೂ ಇದರಿಂದ ಪಾರಾಗಿರಲಿಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳನ್ನು ಕುರಿತು ಮೊದಲ ಬಾರಿಗೆ ವಿವರವಾಗಿ ಬರೆದ. ಅನಂತರದ ವರ್ಷಗಳಲ್ಲಿ ಅಲ್ಲಿಯ ಕೆಲವು ಪಂಡಿತರು, ತಾಯಿಯ ಹೃದಯ ತಣ್ಣಗಿದ್ದುದೇ ಇದಕ್ಕೆ ಕಾರಣವೆಂದು ದೊಡ್ಡ ಗ್ರಂಥಗಳನ್ನೇ ರಚಿಸಿದರು. ಎಷ್ಟು ತಾಯಂದಿರು ಆ ಮಾತನ್ನು ನಂಬಿ ಕೊರಗಿದರೋ! 1977ರಲ್ಲಿ ಅವಳಿ ಮಕ್ಕಳ ಅಧ್ಯಯನವೊಂದು ಪ್ರಕಟವಾಯಿತು. ಏಕರೂಪದ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಭಿನ್ನರೂಪದ 10 ಜೋಡಿಗಳಲ್ಲಿ ಒಂದರಲ್ಲಿಯೂ ಇಬ್ಬರಿಗೂ ಇರಲಿಲ್ಲ. ಎರಡೂ ಬಗೆಯ ಅವಳಿಗಳು ಬೆಳೆದದ್ದು ಅವರವರ ಒಬ್ಬಳೇ ತಾಯಿಯ ಮಡಿಲಲ್ಲಿ. ಹಾಗಾದರೆ ಬೇರು ಮಡಿಲಲ್ಲಿಲ್ಲ, ಹುಟ್ಟಿನಲ್ಲಿಯೇ ಇದೆ ಎಂಬುದು ಸ್ಪಷ್ಟವಾಯಿತು.

ಮೆದುಳಿನ ಹೊರಪದರ ಆರು ಸ್ತರಗಳಾಗಿ ರಚಿತವಾಗಿದೆ. ಆ ಸ್ತರಗಳ ಕೋಶಗಳು ಹುಟ್ಟಿ ತಮ್ಮ ತಮ್ಮ ಸ್ಥಾನ ಸೇರುವ ಕಾರ್ಯ ಬಹುಪಾಲು ಗರ್ಭದಲ್ಲಿಯೇ ನಡೆಯುತ್ತದೆ. ತೀರಿಹೋದ ಮಕ್ಕಳ ಮೆದುಳನ್ನು ಪಾಲಕರು ದಾನವಾಗಿ ಕೊಟ್ಟಿದ್ದರಿಂದ ಒಂದು ಪರೀಕ್ಷೆ ಸಾಧ್ಯವಾಗಿ, ಅದರ ಫಲ 2014ರಲ್ಲಿ ಪ್ರಕಟವಾಯಿತು. ಆಟಿಸಂ ಇದ್ದ 11 ಮಕ್ಕಳಲ್ಲಿ 10 ಮಕ್ಕಳ ಹೊರಪದರದಲ್ಲಿ ಅಲ್ಲಲ್ಲಿ ಸಣ್ಣ ತೇಪೆಗಳಂತೆ ಸ್ತರಗಳ ಕ್ರಮ ತಪ್ಪಿತ್ತು. ಕೂಸು ತೊಟ್ಟಿಲಿಗೆ ಬರುವ ಮುನ್ನವೇ ಆದ ವ್ಯತ್ಯಾಸವಿದು ಎಂಬುದು ಆ ತಜ್ಞರ ನಿರ್ಣಯ. 2017ರ ಇನ್ನೊಂದು ಅಧ್ಯಯನ, ಮನೆಯಲ್ಲಿ ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಹಸುಗೂಸುಗಳನ್ನು ಕುರಿತದ್ದು. ಮುಂದೆ ತಮಗೂ ಆಟಿಸಂ ಇದೆಯೆಂದು ತಿಳಿದುಬಂದ ಕೂಸುಗಳಲ್ಲಿ ಆರರಿಂದ ಹನ್ನೆರಡು ತಿಂಗಳೊಳಗೆ ಹೊರಪದರದ ಹರವು ಹೆಚ್ಚು ವೇಗವಾಗಿ ಹಿಗ್ಗಿತ್ತು. ಎರಡನೆಯ ವರ್ಷದಲ್ಲಿ ಮೆದುಳಿನ ಗಾತ್ರವೂ ಹೆಚ್ಚಾಯಿತು.

ಇಷ್ಟೆಲ್ಲ ಭೇದವಿದ್ದರೆ ಆ ಬಾಲಕನ ಚಿತ್ರದಲ್ಲೇಕೆ ಕಾಣಲಿಲ್ಲ? ಬೆಟಗೇರಿಯ ಮಗ್ಗದ ಸೀರೆಯನ್ನು ಮಾರು ದೂರ ನಿಂತು ನೋಡಿದರೆ ಅಂಚು, ಸೆರಗು, ಬಣ್ಣ ಕಾಣುತ್ತವೆ. ಯಾವ ಎಳೆ ಯಾವುದರ ಮೇಲೆ ಹಾಯ್ದಿದೆ ಎಂಬುದು ಕಾಣದು. ಎಂ.ಆರ್.ಐ. ಚಿತ್ರದ ಒಂದು ಚುಕ್ಕೆಯೊಳಗೆ ಸಾವಿರಾರು ನರಕೋಶಗಳು ಅಡಗಿರುತ್ತವೆ. ಇನ್ನು ಗಾತ್ರದ ಮಾತು: ಅಧ್ಯಯನಗಳು ಹೇಳುವುದು ಅನೇಕ ಮಕ್ಕಳ ಸರಾಸರಿಯನ್ನು. ಆಟಿಸಂ ಇರುವ ಎಷ್ಟೋ ಮಕ್ಕಳ ಮೆದುಳು ಉಳಿದ ಮಕ್ಕಳಷ್ಟೇ ಇರುತ್ತದೆ. ಮೂರ್ಛೆ ಮುಂತಾದ ಬೇರೆ ರೋಗದ ಶಂಕೆಯಿದ್ದಾಗ ವೈದ್ಯರು ಈ ಚಿತ್ರ ತೆಗೆಸುವುದುಂಟು. ಆಟಿಸಂ ಇದೆಯೇ ಇಲ್ಲವೇ ಎಂದು ಅದು ಹೇಳಲಾರದು. ‘ನಾರ್ಮಲ್’ ಎಂಬ ಆ ಒಂದು ಪದ ತಾಯಿಯ ಮೇಲಿನ ತೀರ್ಪು ಹೇಗಾದೀತು?

ಆದುದರಿಂದ ಯಂತ್ರಕ್ಕಿಂತ ಮನೆಯವರ ಕಣ್ಣು ದೊಡ್ಡದು. ವರ್ಷ ತುಂಬಿದರೂ ಕರೆದಾಗ ತಿರುಗದ, ಕಣ್ಣಿಗೆ ಕಣ್ಣು ಕೂಡಿಸದ, ಬೇಕಾದುದನ್ನು ಬೆರಳು ಮಾಡಿ ತೋರಿಸದ, ಬಂದ ನಾಲ್ಕು ಮಾತುಗಳನ್ನೂ ಮರೆತ ಮಗುವನ್ನು “ನಮ್ಮ ವಂಶದಾಗ ಮಾತು ತಡಾನ ಬರ್ತಾವ” ಎಂದು ಕಾಯುತ್ತ ಕೂಡ್ರಬಾರದು. ಮೊದಲು ಕಿವಿಯ ಪರೀಕ್ಷೆ, ಅನಂತರ ಬೆಳವಣಿಗೆಯ ಪರೀಕ್ಷೆ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಸಮೀಪ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳೂ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾನೂನು ಆಟಿಸಂ ಅನ್ನು ತನ್ನ 21 ವಿಧಗಳಲ್ಲಿ ಸೇರಿಸಿದೆ. ಪ್ರಮಾಣಪತ್ರಕ್ಕೆ ಸಂಕೋಚ ಬೇಡ. ಇದನ್ನು ಅಳಿಸಿಹಾಕುವ ಔಷಧಿಯಿದೆ ಎನ್ನುವವರ ಕೈಗೆ ಹಣ ಸುರಿಯಬೇಡಿ. ಆದರೆ ಎಳವೆಯ ಮೆದುಳು ಹೊಸ ಸಂಪರ್ಕಗಳನ್ನು ಹೆಣೆಯುತ್ತಲೇ ಇರುತ್ತದೆ. ಮಗುವಿನ ಎದುರು ಕುಳಿತು, ಅದರ ಆಟದಲ್ಲಿಯೇ ಸೇರಿ, ಒಂದೊಂದೇ ಮಾತಾಡಿ ಉತ್ತರಕ್ಕಾಗಿ ಕಾಯುವ ಕ್ರಮವನ್ನು ತರಬೇತಿಯಾದವರು ಕಲಿಸುತ್ತಾರೆ. ಅದು ತಾಯಿಯೊಬ್ಬಳ ಕೆಲಸವಲ್ಲ, ಮನೆಮಂದಿಯೆಲ್ಲರದು.

ಅಂದು ರಾತ್ರಿ ಇವೆಲ್ಲವನ್ನೂ ಆ ಪಡಸಾಲೆಯಲ್ಲಿ ಕುಳಿತು ಹೇಳಿದೆ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಅತ್ತೆಯವರು ಅಡಕೊತ್ತು ಬದಿಗಿಟ್ಟು ಲಕೋಟೆಯನ್ನು ತಮ್ಮ ಕೈಗೆ ತೆಗೆದುಕೊಂಡರು. “ಧಾರವಾಡಕ್ಕ ನಾನೂ ಬರ್ತೀನವ್ವಾ,” ಎಂದರು ಸೊಸೆಗೆ, “ಬಸ್ಸಿನ್ಯಾಗ ಹುಡುಗನ್ನ ಹಿಡಕೊಳ್ಳಾಕ ಒಬ್ರು ಬೇಕು.”