ಕಾಲವನ್ನು ಬೈಯಬೇಡಿ

‘ಡಚ್ಚರಲ್ಲಿ ರೆಂಬ್ರಾಂಟ್ ಇದ್ದಾನೆ, ವ್ಯಾನ್ ಗೋ ಇದ್ದಾನೆ, ಸಂಗೀತದಲ್ಲಿ ಯಾರಿದ್ದಾರೆ? ಇದ್ದಿದ್ದರೆ ಕಾಲವೇ ಉಳಿಸಿಕೊಳ್ಳುತ್ತಿತ್ತು’ ಎನ್ನುವ ಗೆಳೆಯರ ಮೇಲೆ ನನ್ನದೊಂದು ತಕರಾರಿದೆ.

ಮಥೈಸ್ ವರ್ಮ್ಯೂಲನ್ ತನ್ನ ಎರಡನೆಯ ಸಿಂಫನಿ ಬರೆದು ಮುಗಿಸಿದ್ದು 1920ರಲ್ಲಿ. ಅದು ಮೊದಲು ಕಛೇರಿ ಕಂಡಿದ್ದು 1956ರಲ್ಲಿ. ಅಷ್ಟು ವರ್ಷ ತಡೆದದ್ದು ಕಾಲವೇ? ಪತ್ರಿಕೆಯ ವಿಮರ್ಶಕನಾಗಿದ್ದ ಆತ, ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಗೆಬೌ ಆರ್ಕೆಸ್ಟ್ರಾದ ಕಂಡಕ್ಟರ್ ಮೆಂಗಲ್‌ಬರ್ಗ್‌ನ ಜರ್ಮನ್ ಮೋಹವನ್ನು ಜಾಡಿಸುತ್ತಿದ್ದ. ಅಲ್ಲಿ ಬಾಗಿಲು ಮುಚ್ಚಿತು. 1921ರಲ್ಲಿ ಫ್ರಾನ್ಸಿಗೆ ಹೊರಟುಹೋದ. ಯಹೂದಿಯಾಗಿದ್ದ ಲಿಯೊ ಸ್ಮಿಟ್‌ನನ್ನು 1943ರಲ್ಲಿ ನಾಜಿಗಳು ಸೋಬಿಬೋರ್‌ನಲ್ಲಿ ಕೊಂದರು. ಇದೂ ಕಾಲದ ಜರಡಿಯೇ?

ಟೆಸ್ಟಿಂಗಿಗೇ ಕೊಡದ ಕೋಡನ್ನು ನನ್ನ ಟೀಮಿನವರು ‘ಫೇಲ್’ ಎಂದರೆ ನಾನು ಒಪ್ಪುವುದಿಲ್ಲ. (ಡೆಡ್‌ಲೈನ್ ಹತ್ತಿರವಿದ್ದಾಗ ‘ಪಾಸ್’ ಎಂದಿದ್ದನ್ನು ಒಪ್ಪಿದ್ದುಂಟು, ಅದು ಬೇರೆ ಮಾತು.) ಆ ಸಿಂಫನಿಗೆ ಅರ್ಧ ಗಂಟೆಯೂ ಬೇಡ. ಕೇಳಿ, ಆಮೇಲೆ ಬೇಕಾದರೆ ಬೈಯಿರಿ.